ನಮ್ಮ ಮೈಯೊಳಗಿನ ಅಕ್ಷರಗಳು



ಕೂಸು ಹುಟ್ಟಿದ ಮನೆಗೆ ಹೋದಾಗ ನಾವು ಏನು ಅನ್ನುತ್ತೇವೆ? "ಮೂಗು ಅಪ್ಪಂದು, ಕಣ್ಣು ಅವ್ವಂದು" ಅನ್ನುತ್ತೇವೆ. ಅಪ್ಪನ ಮೂಗು ಕೂಸಿಗೆ ಹೇಗೆ ಬಂತು? ಈ ಪಾಠದಲ್ಲಿ ತಿಳಿಯೋಣ.

ಜೀವಕೋಶ

ಇಟ್ಟಿಗೆಗಳು ಸೇರಿ ಗೋಡೆ ಆಗುತ್ತದೆ. ಹಾಗೆಯೇ ಜೀವಕೋಶಗಳು ಸೇರಿ ನಮ್ಮ ಮೈ ಆಗಿದೆ. ಇವು ಬಹಳ ಸಣ್ಣವು, ಬರಿಗಣ್ಣಿಗೆ ಕಾಣುವುದಿಲ್ಲ. ಕೋಶದ ಒಳಗೆ ಒಂದು ಸಣ್ಣ ಕೋಣೆ ಇರುತ್ತದೆ. ಅದೇ ಕೋಶಕೇಂದ್ರ. ಅದರಲ್ಲಿ ಡಿಎನ್‌ಎ ಇರುತ್ತದೆ.

ಡಿಎನ್‌ಎ ಮನುಷ್ಯರಲ್ಲಿ ಮಾತ್ರ ಇಲ್ಲ. ಬೇಡಗದ ಹೊಲದ ಕಬ್ಬಿನಲ್ಲೂ ಇದೆ, ಕೊಟ್ಟಿಗೆಯ ಎಮ್ಮೆಯಲ್ಲೂ ಇದೆ. ಕಬ್ಬಿನ ತುಂಡು ನೆಟ್ಟರೆ ಅದೇ ಜಾತಿಯ ಕಬ್ಬು ಬರುವುದು ಇದರಿಂದಲೇ.

ಡಿಎನ್‌ಎ ಹೇಗಿದೆ?

ಹಗ್ಗದ ಏಣಿಯನ್ನು ತಿರುಚಿದರೆ ಹೇಗೆ ಕಾಣುತ್ತದೋ, ಡಿಎನ್‌ಎ ಹಾಗಿದೆ. ಒಂದು ಕೋಶದ ಡಿಎನ್‌ಎ ಬಿಡಿಸಿ ಹಿಡಿದರೆ ಸುಮಾರು 2 ಮೀಟರ್ ಉದ್ದ!

ಈ ಏಣಿಯ ಮೆಟ್ಟಿಲುಗಳು ನಾಲ್ಕು ಬಗೆಯ ರಾಸಾಯನಿಕಗಳಿಂದ ಆಗಿವೆ. ಅವುಗಳನ್ನು ಎ, ಟಿ, ಜಿ, ಸಿ ಎಂದು ಕರೆಯುತ್ತಾರೆ. ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಇದೇ ಜೋಡಿ, ತಪ್ಪುವುದಿಲ್ಲ. ಕನ್ನಡ ಬರೆಯಲು ನಮಗೆ 49 ಅಕ್ಷರ ಬೇಕು. ಮೈಯ ಬರಹಕ್ಕೆ ನಾಲ್ಕೇ ಅಕ್ಷರ ಸಾಕು.

ಆರ್‌ಎನ್‌ಎ ಏನು ಮಾಡುತ್ತದೆ?

ನಮ್ಮ ಹೊಲದ ಮೂಲ ದಾಖಲೆ ತಲಾಠಿ ಕಚೇರಿಯಲ್ಲಿ ಇರುತ್ತದೆ. ಸಾಲಕ್ಕೆ ಬೇಕಾದರೆ ನಾವು ಸಾತಬಾರಾ ಉತಾರ ತೆಗೆಸುತ್ತೇವೆ. ಮೂಲ ಅಲ್ಲೇ ಉಳಿಯುತ್ತದೆ, ನಕಲು ಬ್ಯಾಂಕಿಗೆ ಹೋಗುತ್ತದೆ.

ಡಿಎನ್‌ಎ ಮೂಲ ದಾಖಲೆ ಇದ್ದಂತೆ. ಆರ್‌ಎನ್‌ಎ ಅದರ ಉತಾರ. ಇದಕ್ಕೆ ಸಾಮಾನ್ಯವಾಗಿ ಒಂದೇ ಎಳೆ. ಟಿ ಬದಲು ಯು ಎಂಬ ಅಕ್ಷರ ಇರುತ್ತದೆ. ಆರ್‌ಎನ್‌ಎ ಕೋಶಕೇಂದ್ರದಿಂದ ಹೊರಗೆ ಬರುತ್ತದೆ. ಅದರಲ್ಲಿ ಬರೆದಂತೆ ಕೋಶವು ಪ್ರೋಟೀನ್ ತಯಾರಿಸುತ್ತದೆ. ನಮ್ಮ ಸ್ನಾಯು, ಕೂದಲು, ಉಗುರು ಎಲ್ಲದರಲ್ಲೂ ಪ್ರೋಟೀನ್ ಇದೆ.

ಈ ಬರಹದಲ್ಲಿ ಮೂರು ಅಕ್ಷರಕ್ಕೆ ಒಂದು ಪದ. ಇದನ್ನು ಓದಲು ಕಲಿಸಿದವರಲ್ಲಿ ಹರಗೋಬಿಂದ ಖೊರಾನಾ ಒಬ್ಬರು. ಅವರು ಹುಟ್ಟಿದ್ದು ಪಂಜಾಬಿನ ರಾಯಪುರ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಪಟವಾರಿ, ಅಂದರೆ ನಮ್ಮ ತಲಾಠಿಯಂತೆ. ಆ ಊರಲ್ಲಿ ಓದು ಬರಹ ಬಲ್ಲ ಮನೆ ಹೆಚ್ಚುಕಡಿಮೆ ಅವರದೊಂದೇ. ಖೊರಾನಾ ಅವರಿಗೆ 1968ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಹುಮಾನ ಬಂತು.

ಗಂಡೋ ಹೆಣ್ಣೋ?

ನಮ್ಮ ಡಿಎನ್‌ಎ 46 ಕಟ್ಟುಗಳಾಗಿ ಇರುತ್ತದೆ. ಇವೇ ವರ್ಣತಂತುಗಳು. 23 ತಾಯಿಯಿಂದ, 23 ತಂದೆಯಿಂದ ಬರುತ್ತವೆ. ಅದಕ್ಕೇ ಕೂಸು ಇಬ್ಬರನ್ನೂ ಹೋಲುತ್ತದೆ.

ಇವುಗಳಲ್ಲಿ ಒಂದು ಜೋಡಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುತ್ತದೆ. ಹೆಂಗಸಿನಲ್ಲಿ ಎರಡೂ ಎಕ್ಸ್. ಗಂಡಸಿನಲ್ಲಿ ಒಂದು ಎಕ್ಸ್, ಒಂದು ವೈ. ತಾಯಿ ಕೊಡುವುದು ಯಾವಾಗಲೂ ಎಕ್ಸ್. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು.

"ಸೊಸಿ ಬರೇ ಹೆಣ್ಣ ಹಡೀತಾಳ" ಅಂತ ಎಷ್ಟೋ ಮನೆಯಲ್ಲಿ ಬೈಯುತ್ತಾರೆ. ಈಗ ನೀವೇ ಹೇಳಿರಿ, ಆಕೆಯ ತಪ್ಪು ಏನು? ಇದು ಗಂಡನ ತಪ್ಪೂ ಅಲ್ಲ. ಯಾವುದು ಸೇರಬೇಕು ಎಂಬುದು ಯಾರ ಕೈಯಲ್ಲೂ ಇಲ್ಲ. ಯಾವ ಔಷಧವೂ, ಯಾವ ಹರಕೆಯೂ ಇದನ್ನು ಬದಲಿಸುವುದಿಲ್ಲ.

ಇದು ತಿಳಿಯದೆ ಜೀವಗಳು ಹೋಗಿವೆ. ನಮ್ಮ ಮಿರಜ ತಾಲೂಕಿನದೇ ಮ್ಹೈಸಾಳದಲ್ಲಿ 2017ರ ಮಾರ್ಚ್‌ನಲ್ಲಿ ಏನಾಯಿತು, ನೆನಪಿದೆಯೇ? ಅಕ್ರಮ ಗರ್ಭಪಾತದಲ್ಲಿ ಒಬ್ಬ ತಾಯಿ ಸತ್ತಳು. ತನಿಖೆ ಮಾಡಿದಾಗ ಪೊಲೀಸರಿಗೆ ಹೂತಿಟ್ಟ 19 ಭ್ರೂಣಗಳು ಸಿಕ್ಕವು.

ಹೊಟ್ಟೆಯಲ್ಲಿರುವ ಕೂಸು ಗಂಡೋ ಹೆಣ್ಣೋ ಎಂದು ಪರೀಕ್ಷೆ ಮಾಡಿ ಹೇಳುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ಹಾಗೆ ಪರೀಕ್ಷೆ ಮಾಡಿಸುವುದೂ ಅಪರಾಧ.

ಈ ಪಾಠವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿರಿ. ಅತ್ತೆಗೂ ಕೇಳಲಿ, ಗಂಡನಿಗೂ ಕೇಳಲಿ.

ಹೊಸ ಪದಗಳು

ಜೀವಕೋಶ, ಕೋಶಕೇಂದ್ರ, ವರ್ಣತಂತು, ಡಿಎನ್‌ಎ, ಆರ್‌ಎನ್‌ಎ, ಪ್ರೋಟೀನ್

ಬಿಟ್ಟ ಸ್ಥಳ ತುಂಬಿರಿ

1. ಡಿಎನ್‌ಎ ಏಣಿಯಲ್ಲಿ ಜಿ ಎದುರಿಗೆ ______ ಇರುತ್ತದೆ.
2. ತಾಯಿಯಿಂದ ______ ವರ್ಣತಂತುಗಳು ಬರುತ್ತವೆ.

ಉತ್ತರ ಬರೆಯಿರಿ

1. ಆರ್‌ಎನ್‌ಎಯನ್ನು ಉತಾರಕ್ಕೆ ಏಕೆ ಹೋಲಿಸಿದೆ?
2. ಹೆಣ್ಣು ಹುಟ್ಟಿತೆಂದು ಸೊಸೆಯನ್ನು ಬೈಯುವವರಿಗೆ ನೀವು ಏನು ಹೇಳುತ್ತೀರಿ? ಮೂರು ಸಾಲು ಬರೆಯಿರಿ.