ಕುದಿಸಿದರೂ ಹೋಗದ ವಿಷ

ಬೆಳಿಗ್ಗೆ ಹಾಲಿನ ಕ್ಯಾನ್ ಬಂದ ಕೂಡಲೇ ನಾವು ಹೋಟೆಲಿನವರು ಲ್ಯಾಕ್ಟೋಮೀಟರ್ ಇಳಿಸಿ ನೋಡುತ್ತೇವೆ, ಮೂಸಿ ನೋಡುತ್ತೇವೆ, ಸ್ವಲ್ಪ ಕುದಿಸಿ ಒಡೆಯುತ್ತದೆಯೇ ಎಂದೂ ನೋಡುತ್ತೇವೆ. ನೀರು ಹಾಕಿದ್ದು, ಹುಳಿ ಹಿಡಿದದ್ದು ಇದರಲ್ಲಿ ಸಿಕ್ಕಿಬೀಳುತ್ತದೆ. ಈ ಯಾವ ಪರೀಕ್ಷೆಗೂ ಸಿಗದ ವಿಷವೊಂದಿದೆ. ಅದರ ಹೆಸರು ಅಫ್ಲಾಟಾಕ್ಸಿನ್ ಎಂ1.

ಇದನ್ನು ಯಾರೂ ಬೆರೆಸುವುದಿಲ್ಲ. ಶೇಂಗಾ ಹಿಂಡಿ, ಹತ್ತಿಬೀಜದ ಹಿಂಡಿ, ಮೆಕ್ಕೆಜೋಳ ತೇವದಲ್ಲಿದ್ದರೆ ಒಂದು ಜಾತಿಯ ಬೂಷ್ಟು ಬಂದು ಅಫ್ಲಾಟಾಕ್ಸಿನ್ ಬಿ1 ಎಂಬ ವಿಷ ಹುಟ್ಟುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಕಾರಣ ಹುಡುಕಿದರೆ ಸಿಕ್ಕಿದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿಯೇ. ಹಸು ಎಮ್ಮೆಗಳು ಇಂಥದ್ದು ತಿಂದರೆ ಅವುಗಳ ಲಿವರಿನಲ್ಲಿ ಬಿ1 ಹೋಗಿ ಎಂ1 ಆಗುತ್ತದೆ, ಒಂದು ದಿನದೊಳಗೆ ಹಾಲಿಗೆ ಇಳಿಯುತ್ತದೆ. ಹಿಂಡಿ ಬದಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ, ಇದೊಂದೇ ಸಮಾಧಾನ.

ಕುದಿಸಿದರೆ ರೋಗಾಣು ಸಾಯುತ್ತವೆ, ಈ ವಿಷ ಹೋಗುವುದಿಲ್ಲ. ಪ್ಯಾಶ್ಚರೀಕರಣಕ್ಕೂ ಜಗ್ಗುವುದಿಲ್ಲ. ಇದು ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಕೆಜಿ ಲೆಕ್ಕದಲ್ಲಿ ಹಾಲಿಗಿಂತ ಪನೀರಿನಲ್ಲಿ ಹೆಚ್ಚು. ಬತ್ತಿಸಿದ ಖೋವಾದಲ್ಲೂ ಹಾಗೆಯೇ. ಬೆಣ್ಣೆ, ತುಪ್ಪದಲ್ಲಿ ಕಡಿಮೆ. ಒಂದು ಲೋಟ ಕಾಫಿ ಕುಡಿದವನಿಗೆ ಏನೂ ಆಗದು. ವರ್ಷಗಟ್ಟಲೆ ದಿನವೂ ಹೊಟ್ಟೆಗೆ ಹೋದರೆ ಲಿವರ್ ಕ್ಯಾನ್ಸರಿನ ಭಯವಿದೆ. ದಿನವೂ ಹಾಲು ಕುಡಿಯುವವರು ಮಕ್ಕಳು.

ನಮ್ಮ ದೇಶದ ಕಾನೂನಿನಲ್ಲಿ ಮಿತಿ ಕೆಜಿ ಹಾಲಿಗೆ 0.5 ಮೈಕ್ರೋಗ್ರಾಂ, ಅಂದರೆ 200 ಕೋಟಿ ಭಾಗದಲ್ಲಿ ಒಂದು ಭಾಗ. ಯುರೋಪಿನಲ್ಲಿ ಇದರ ಹತ್ತನೇ ಒಂದು. ಎಫ್‌ಎಸ್‌ಎಸ್‌ಎಐ 2018ರಲ್ಲಿ ದೇಶದಾದ್ಯಂತ 6,432 ಮಾದರಿ ತೆಗೆದು 2019ರಲ್ಲಿ ವರದಿ ಹೊರಡಿಸಿತು. ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12ರಲ್ಲಿ ಮಾತ್ರ, ಎಂ1 ಮಿತಿ ಮೀರಿದ್ದು 368ರಲ್ಲಿ! ತಮಿಳುನಾಡು, ದಿಲ್ಲಿ, ಕೇರಳ ಮುಂದಿದ್ದವು. ಬಿಡಿ ಹಾಲಿಗಿಂತ ಸಂಸ್ಕರಿಸಿದ ಹಾಲಿನಲ್ಲೇ ಹೆಚ್ಚು ಕಂಡುಬಂತು. ಆದ್ದರಿಂದ ಪಾಕೀಟು ಹಾಲು ಎಂದು ನಿಶ್ಚಿಂತರಾಗಿ ಕೂರುವಂತಿಲ್ಲ.

ತಬೇಲಾದಿಂದ ತರಿಸುವವರು ಮಳೆಗಾಲದಲ್ಲಿ ಒಮ್ಮೆ ಅಲ್ಲಿಗೆ ಹೋಗಿ ಹಿಂಡಿ ಚೀಲ ಇಟ್ಟ ಜಾಗ ನೋಡಿ ಬರಬೇಕು. ನೆಲಕ್ಕೆ ಹಲಗೆ ಹಾಕಿದ್ದಾರೋ, ಗೋಡೆಗೆ ತಾಗಿಸಿದ್ದಾರೋ, ಮುಗ್ಗಲು ವಾಸನೆ ಇದೆಯೋ? ಬೂಷ್ಟು ಕೆರೆದು ತೆಗೆದು ಹಾಕಿದರೂ ವಿಷ ಒಳಗಿರುತ್ತದೆ ಎಂದು ಭಯ್ಯಾನಿಗೆ ತಿಳಿಸಿ ಹೇಳಬೇಕು. ಹಾಲಿನ ದರದಲ್ಲಿ ನಾವು ಬಹಳ ಹಿಂಡಿದರೆ ಅವನು ಕಡಿಮೆ ಬೆಲೆಯ ಹಿಂಡಿಯನ್ನೇ ತರುತ್ತಾನೆ, ಇದೂ ಲೆಕ್ಕದಲ್ಲಿರಲಿ. ಪಾಕೀಟಿನವರು ಡೈರಿಯಿಂದ ಎಂ1 ವರದಿಯನ್ನು ಲಿಖಿತವಾಗಿ ಕೇಳಬೇಕು. ಒಂದೇ ತಬೇಲಾದ ಹಾಲು ಕೊಳ್ಳುವ ಹತ್ತು ಹೋಟೆಲಿನವರು ಸೇರಿ ಒಂದು ಮಾದರಿಯನ್ನು ಲ್ಯಾಬಿಗೆ ಕಳಿಸಿದರೆ ಖರ್ಚು ಯಾರಿಗೂ ಭಾರವಲ್ಲ.

ಇನ್ನೊಂದು ಮಾತು. ಬೂಷ್ಟು ಬಂದ ಶೇಂಗಾ, ಹಳೇ ಬ್ರೆಡ್ಡು, ಕೊಬ್ಬರಿಯನ್ನು ದನಕ್ಕಾಗಲಿ ಎಂದು ತಬೇಲಾದವರಿಗೆ ಕೊಡುವ ಪದ್ಧತಿ ಕೆಲವು ಹೋಟೆಲುಗಳಲ್ಲಿದೆ. ಹಿಂಬಾಗಿಲಿನಿಂದ ಹೋದದ್ದು ಮರುದಿನ ಕ್ಯಾನಿನಲ್ಲಿ ಮುಂಬಾಗಿಲಿಗೆ ಬರಬಹುದು. ಅಂಥದ್ದನ್ನು ಕಸಕ್ಕೇ ಹಾಕಿಸಿ.