ಜಡ್ಡಿಗೆ ಕೈ ಹಾಕುವ ಮುನ್ನ

ತೋಟ ಹೆಚ್ಚಿಸುವ ಮಾತು ಮನೆಯಲ್ಲಿ ಬಂದಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಹಳ್ಳದ ಪಕ್ಕದ ಜಡ್ಡಿಯ ಮೇಲೆ. ಬೇಸಗೆಯಲ್ಲೂ ನೀರು ಆರದ ಜಾಗ, ಎಲೆ ಕೊಳೆತು ಕಪ್ಪಾದ ಮಣ್ಣು. ಬಸಿಗಾಲುವೆ ತೆಗೆದು ನಿಂತ ಮರಗಳನ್ನು ಉರುಳಿಸಿದರೆ ಅಡಿಕೆಗೆ ಹೇಳಿ ಮಾಡಿಸಿದ ನೆಲ ಎಂದು ಯಾರಿಗಾದರೂ ತೋರುತ್ತದೆ. ಊರಿಗೆ ಮರಳಿ ಬೇಸಾಯ ಹಿಡಿದಿರುವ ತಮ್ಮಂದಿರೇ, ತಂಗಿಯರೇ, ಅಲ್ಲಿಗೆ ಜೆಸಿಬಿ ಕರೆಸುವ ಮೊದಲು ಒಂದು ಮರದ ವಿಷಯ ಕೇಳಿಸಿಕೊಳ್ಳಿ.

ಸಿದ್ದಾಪುರ ತಾಲೂಕಿನ ಕತ್ತಲೆಕಾನು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಹೊನ್ನಾವರದಿಂದ ಜೋಗದ ಕಡೆಗೆ ಘಟ್ಟ ಹತ್ತುವಾಗ ಸಿಗುವ ದಟ್ಟ ಕಾಡು. ಅಲ್ಲಿನ ರಾಮಪತ್ರೆ ಜಡ್ಡಿಯಲ್ಲಿ ನಿಂತಿದ್ದ ಒಂದು ಎತ್ತರದ ಮರ ವಿಜ್ಞಾನಕ್ಕೆ ಹೊಸತು ಎಂದು ತಿಳಿದದ್ದು ತೀರ ಈಚೆಗೆ. 2000ನೇ ಇಸವಿಯಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಅದನ್ನು ವರ್ಣಿಸಿ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಊರಿನ ಹೆಸರನ್ನೇ ಇಟ್ಟರು. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಗುಡ್ಡೆಗೇರಿನ ಹತ್ತಿರದ ಬಂಧು ಇದು. ಬೆಳೆದ ಮರಗಳು ನೂರರ ಒಳಗೇ ಎಂಬ ಲೆಕ್ಕ ಬಂದದ್ದರಿಂದ ಅಳಿವಿನ ಅಂಚಿನ ಮರಗಳ ಪಟ್ಟಿಯಲ್ಲಿ ಇದಕ್ಕೆ ಜಾಗ ಸಿಕ್ಕಿತು.

ಈ ಮರ ಒಂಟಿಯಾಗಿ ಬದುಕುವುದಲ್ಲ. ಅದರ ಸುತ್ತ ಜಾಯಿಕಾಯಿ ಕುಲದ ಮರಗಳಿರುತ್ತವೆ. ಕೆಸರಿನೊಳಗೆ ಗಾಳಿ ಸಿಗದ ಕಾರಣ ಅವುಗಳ ಬೇರುಗಳು ಮಡಿಸಿದ ಮೊಣಕಾಲಿನಂತೆ ನೆಲದಿಂದ ಮೇಲೆದ್ದು ಮತ್ತೆ ಕೆಳಗಿಳಿಯುತ್ತವೆ. ಕೆಲವು ಜಾತಿಗಳಿಗೆ ಕಾಂಡದಿಂದಲೇ ಊರುಗೋಲು ಬೇರು ಇಳಿಯುತ್ತದೆ. ಆ ಬೇರುಗಳ ನಡುವೆ ತರಗೆಲೆ ತಡೆದು ನಿಲ್ಲುತ್ತದೆ, ನೀರು ನಿಧಾನವಾಗಿ ಕೆಳಗಿನ ಹಳ್ಳಕ್ಕೆ ಇಳಿಯುತ್ತದೆ. ಹಣ್ಣು ಒಡೆದು ಕೆಂಪು ಪತ್ರೆ ಕಂಡಾಗ ಮಂಗಟ್ಟೆ ಹಕ್ಕಿ ಬರುತ್ತದೆ. ಸಿಂಗಳೀಕಗಳಿಗೂ ಇದೇ ಕಾಡು ಆಸರೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕತ್ತಲೆಕಾನಿನ ಈ ಗೇರಿನಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ತೋಟದಲ್ಲಿ ಜಾಯಿಕಾಯಿ ಬೆಳೆಸಿದವರಿಗೆ ಇದು ಹೊಸ ವಿಷಯವಲ್ಲ. ಕಾಯಿ ಬಿಡದ ಮರ ದಂಡವೆಂದು ಎಲ್ಲ ಗಂಡು ಗಿಡವನ್ನೂ ತೆಗೆದವರಿಗೆ ಆಮೇಲೆ ಹೆಣ್ಣು ಗಿಡದಲ್ಲೂ ಫಸಲು ಸಿಗುವುದಿಲ್ಲ. ಆದರೆ ತೋಟದ ತಪ್ಪನ್ನು ನರ್ಸರಿಗೆ ಹೋಗಿ ತಿದ್ದಿಕೊಳ್ಳಬಹುದು. ಜಡ್ಡಿಯಲ್ಲಿ ಐದಾರು ಮರಗಳಷ್ಟೇ ಉಳಿದಿದ್ದು, ಅವುಗಳಲ್ಲಿ ಒಂದೇ ಗಂಡಿದ್ದರೆ, ಅದನ್ನು ಕಡಿದ ದಿನವೇ ಉಳಿದವುಗಳ ಸಂತಾನವೂ ಮುಗಿಯಿತು. ಅವು ಇನ್ನೂ ಎಷ್ಟೋ ವರ್ಷ ಹಸಿರಾಗಿ ನಿಂತಿರುತ್ತವೆ, ನೋಡಿದವರಿಗೆ ಕಾಡು ಚೆನ್ನಾಗಿದೆ ಎಂದೇ ಅನ್ನಿಸುತ್ತದೆ. ಹೂ ಬಿಡುವ ತನಕ ಸಸಿ ಗಂಡೋ ಹೆಣ್ಣೋ ಎಂದು ಹೇಳಲೂ ಬಾರದು. ಹೀಗಾಗಿ ಜಡ್ಡಿಯಲ್ಲಿ ಉಪಯೋಗಕ್ಕೆ ಬಾರದ ಮರ ಎಂದು ಯಾವುದನ್ನೂ ತೀರ್ಮಾನಿಸಬೇಡಿ.

ಬೀಜದ ಕಥೆ ಇನ್ನೂ ಕಷ್ಟದ್ದು. ಭತ್ತದ ಬೀಜವನ್ನು ಒಣಗಿಸಿ, ಪಣತದಲ್ಲಿಟ್ಟು, ಮುಂದಿನ ವರ್ಷ ಬಿತ್ತುತ್ತೇವೆ. ಈ ಗೇರಿನ ಬೀಜ ಒಣಗಿದರೆ ಸತ್ತಂತೆ. ಹಣ್ಣಿನಿಂದ ಬಿಡಿಸಿದ ಮೇಲೆ ಬೇಗನೆ ಒದ್ದೆ ಮಣ್ಣಿಗೆ ಸೇರಬೇಕು, ಮೇಲೆ ನೆರಳೂ ಇರಬೇಕು. ಬೀಜ ಭಂಡಾರದಲ್ಲಿಟ್ಟು ಮೊಮ್ಮಕ್ಕಳ ಕಾಲಕ್ಕೆ ಕಾಪಾಡೋಣ ಎಂಬ ದಾರಿ ಇದಕ್ಕಿಲ್ಲ. ಅದನ್ನು ಉಳಿಸುವುದೆಂದರೆ ನೀರು, ನೆರಳು, ಕೆಸರು ಮೂರನ್ನೂ ಅಲ್ಲೇ ಉಳಿಸುವುದು. ಶಿರಸಿಯ ಅರಣ್ಯ ಕಾಲೇಜಿನವರು ಸಸಿ ಎಬ್ಬಿಸಿ ಜಡ್ಡಿಗಳಲ್ಲಿ ನೆಡುವ ಕೆಲಸಕ್ಕೆ ಕೈ ಹಾಕಿದ್ದಾರೆ. ತುಂಬ ಒಳ್ಳೆಯ ಕೆಲಸ. ಆದರೆ ನೆಡಲು ಜಡ್ಡಿಯೇ ಇಲ್ಲದಿದ್ದರೆ ಆ ಸಸಿಗಳನ್ನು ಎಲ್ಲಿಗೆ ಒಯ್ಯುವುದು?

ಅಡಿಕೆ ಬೆಳೆಯಬೇಡಿ ಎಂದು ನಾನು ಹೇಳುವುದಿಲ್ಲ. ಹಿರಿಯರು ಸೊಪ್ಪಿನಬೆಟ್ಟ, ಕಾನು, ತೋಟ ಮೂರನ್ನೂ ಜೊತೆಗೇ ಇಟ್ಟುಕೊಂಡು ಬಾಳಿದ ಸೀಮೆ ಇದು. ನಿಮ್ಮ ತೋಟಕ್ಕೆ ಮಾರ್ಚ್, ಏಪ್ರಿಲ್‌ನಲ್ಲೂ ನೀರು ಬರುತ್ತಿದ್ದರೆ ಹಳ್ಳದ ದಾರಿ ಹಿಡಿದು ಮೇಲಕ್ಕೆ ನಡೆಯಿರಿ, ಅದು ಎಲ್ಲಿ ಹುಟ್ಟುತ್ತದೆ ಎಂದು ಕಣ್ಣಾರೆ ನೋಡಿ. ಅಲ್ಲಿ ಮೊಣಕಾಲು ಬೇರುಗಳು ಕಂಡರೆ ಬಸಿಗಾಲುವೆ ತೋಡಬೇಡಿ, ದರಕು ಗುಡಿಸಬೇಡಿ, ಹೊಳೆಯಂಚಿನ ನೆರಳು ತೆಗೆಯಬೇಡಿ. ರಾಮಪತ್ರೆಗೆ ಬೆಲೆ ಇದೆಯೆಂದು ಎಳೆಕಾಯಿಗಾಗಿ ಕೊಂಬೆ ಕಡಿಯುವವರನ್ನು ತಡೆಯಿರಿ. ಬಲಿತು ಒಡೆದ ಹಣ್ಣು ಆರಿಸಿದರೂ ಒಂದಷ್ಟು ಹಕ್ಕಿಗೆ, ಮಣ್ಣಿಗೆ ಬಿಡಿ. ಗುರುತು ಸಿಗದ ಗೇರು ಜಾತಿಯ ಮರ ಕಂಡರೆ ಸೊನೆ ಮುಟ್ಟಬೇಡಿ, ಮೈ ಬೊಬ್ಬೆ ಏಳಬಹುದು. ಎಲೆ, ಕಾಯಿಯ ಫೋಟೊ ತೆಗೆದು ಕಾಲೇಜಿನವರಿಗೋ ಅರಣ್ಯ ಇಲಾಖೆಗೋ ತೋರಿಸಿ.

ಕತ್ತಲೆಕಾನು ಇಂದು ರಕ್ಷಿತ ಕಾಡು. ಆದರೆ ಜಡ್ಡಿಗಳೆಲ್ಲ ಆ ಗಡಿಯೊಳಗೇ ಇಲ್ಲ. ಬೆಟ್ಟದ ಸಂದಿಗಳಲ್ಲಿ, ತೋಟದ ತಲೆಯ ಮೇಲೆ ಒಂದೊಂದು ತುಂಡು ಉಳಿದುಕೊಂಡಿದೆ. ಅವುಗಳಿಗೆ ಕಾವಲುಗಾರರಿಲ್ಲ. ನಿಮ್ಮ ಹೊಲದ ಮೇಲಿನ ತುಂಡಿಗೆ ಆ ಕೆಲಸ ನೀವು ವಹಿಸಿಕೊಳ್ಳಿ, ಈ ಬೇಸಗೆಯಲ್ಲೇ ಒಮ್ಮೆ ಹೋಗಿ ನೋಡಿ ಬನ್ನಿ.