ಪಿಕಪ್ ಹಿಂದೆ ಕುಸೀತಿದ್ಯಾ? ಕಂಪ್ರೆಸರ್ ಬದಲಿಸೋ ಮುಂಚೆ ಟೇಪು, ಸೋಪುನೀರು ತಗೊಳ್ಳಿ

ಟ್ರೇಲರ್ ಎಳೆಯೋಕೆ ಅಂತ ನನ್ನ ಪಿಕಪ್‌ನ ಹಿಂದೆ ಎರಡು ಏರ್ ಬ್ಯಾಗ್ ಹಾಕಿಸಿದೀನಿ. ಅಪಘಾತ ಆದಾಗ ಉಬ್ಬೋ ಏರ್‌ಬ್ಯಾಗ್ ಅಲ್ಲ ಇದು. ಆಕ್ಸಲ್‌ಗೂ ಚಾಸಿಗೂ ನಡುವೆ ಕೂತು, ಲೀಫ್ ಸ್ಪ್ರಿಂಗ್‌ಗೆ ಹೆಗಲು ಕೊಡೋ ದಪ್ಪ ರಬ್ಬರ್ ಚೀಲ. ಇದನ್ನ ಹಾಕಿಸಿಕೊಂಡವರಿಂದ ನಾನು ಕೇಳೋ ದೂರು ಒಂದೇ: "ರಾತ್ರಿ ಸರಿಯಿತ್ತು, ಬೆಳಗ್ಗೆ ನೋಡಿದ್ರೆ ಹಿಂದೆ ಕೂತುಬಿಟ್ಟಿದೆ."

ಹಾಗೇ ಓಡಿಸಿದ್ರೆ ಏನಾಗುತ್ತೆ? ಹಿಂದೆ ಕುಸಿದಷ್ಟೂ ಮುಂದಿನ ಚಕ್ರದ ಮೇಲಿನ ಭಾರ ಕಮ್ಮಿಯಾಗುತ್ತೆ. ಸ್ಟೇರಿಂಗ್ ಹಗುರಾಗುತ್ತೆ, ಬ್ರೇಕ್ ಹಿಡಿತ ತಪ್ಪುತ್ತೆ, ಹೆಡ್‌ಲೈಟು ಎದುರು ಬರೋರ ಕಣ್ಣಿಗೆ ಹೊಡೆಯುತ್ತೆ. ಹಾಗಂತ ಸೀದಾ ಹೊಸ ಕಂಪ್ರೆಸರ್ ತರೋದೂ ಬೇಡ. ಡ್ರಿಪ್ಪಿನ ಸಬ್‌ಮೇನ್ ಸೋರ್ತಿದ್ರೆ ನಾವು ಮೋಟಾರ್ ಬದಲಾಯಿಸ್ತೀವಾ? ಗಾಳಿ ಸೋರಿದ್ರೆ ಕಂಪ್ರೆಸರ್ ಪದೇಪದೇ ಓಡಿ, ಕಾದು ಸುಡುತ್ತೆ. ಸೋರಿಕೆ ಹಾಗೇ ಬಿಟ್ಟು ಹೊಸದು ಹಾಕಿದ್ರೆ ಅದರ ಗತಿಯೂ ಅಷ್ಟೇ.

ಮೊದಲು ಅಳತೆ

ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಹಿಂದಿನ ಚಕ್ರದ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಟೇಪ್ ಹಿಡಿದು ಬರ್ಕೊಳ್ಳಿ. ಸಂಜೆ ಒಮ್ಮೆ, ಬೆಳಗ್ಗೆ ಒಮ್ಮೆ. ಫೋನಲ್ಲಿ ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೇದು. ಒಂದೇ ಕಡೆ ಇಳಿದಿದ್ರೆ ಸೋರಿಕೆ ಆ ಕಡೆಯದು. ಎರಡೂ ಕಡೆ ಸಮ ಇಳಿದಿದ್ರೆ ಪೈಪು ನೋಡಿ: ಎರಡೂ ಬ್ಯಾಗ್ ಒಂದೇ ಟೀ ಕನೆಕ್ಟರ್‌ಗೆ ಸೇರಿದ್ರೆ ಒಂದರ ತೂತು ಎರಡನ್ನೂ ಖಾಲಿ ಮಾಡುತ್ತೆ. ಇಂಥ ಜೋಡಣೆ ನನಗೆ ಇಷ್ಟವಿಲ್ಲ. ತಿರುವಲ್ಲಿ ಗಾಳಿ ಒಂದು ಬ್ಯಾಗಿನಿಂದ ಇನ್ನೊಂದಕ್ಕೆ ಓಡಿ ಗಾಡಿ ಇನ್ನೂ ವಾಲುತ್ತೆ. ಬೇರೆಬೇರೆ ಪೈಪು ಹಾಕಿಸಿ.

ಪ್ರೆಶರ್ ಸ್ವಲ್ಪ ಇಳಿದ್ರೆ ಗಾಬರಿ ಬೇಡ. ಸಂಜೆ ಬಿಸಿಲಲ್ಲಿ 50 ಪಿಎಸ್‌ಐ ಇದ್ದದ್ದು ಬೆಳಗಿನ ಚಳಿಗೆ 3-4 ಪಿಎಸ್‌ಐ ಇಳಿಯಬಹುದು. ಬ್ಯಾಗ್ ಚಿಕ್ಕದು, ಆದ್ದರಿಂದ ಗೇಜ್ ಇಟ್ಟು ನೋಡೋವಾಗಲೂ ಒಂದಿಷ್ಟು ಗಾಳಿ ಹೋಗುತ್ತೆ. ಅದಕ್ಕಿಂತ ಜಾಸ್ತಿ ಇಳಿದಿದ್ರೆ ಸೋರಿಕೆ ಹುಡುಕಿ.

ಆಮೇಲೆ ನೊರೆ

ಗಿಡಹೇನಿಗೆ ಹೊಡೆಯೋ ಸೋಪುನೀರು ಇದ್ರೆ ಸಾಕು, ಅಂಟುವಾಳದ ನೊರೆಯೂ ಆಗುತ್ತೆ. ಗಾಳಿ ಪೂರ್ತಿ ತುಂಬಿ ಈ ಕ್ರಮದಲ್ಲಿ ಹಚ್ಚಿ: ಗಾಳಿ ತುಂಬೋ ವಾಲ್ವ್, ಪೈಪಿನ ಜಾಯಿಂಟುಗಳು, ಪೈಪು, ಕೊನೆಗೆ ಬ್ಯಾಗ್. ಅಗ್ಗದ್ದು ಮೊದಲು ಅನ್ನೋದೇ ಇದರ ಲೆಕ್ಕ. ವಾಲ್ವ್ ಒಳಗಿನ ಪಿನ್ನು ಕಾರಿನ ಟೈರಿನದೇ ಥರ, ಪಂಚರ್ ಅಂಗಡಿಯಲ್ಲಿ ಸಿಗುತ್ತೆ.

ಒತ್ತಿ ಕೂರಿಸೋ ಜಾಯಿಂಟಲ್ಲಿ ಗುಳ್ಳೆ ಬಂದ್ರೆ ಪೈಪ್ ಓರೆಯಾಗಿ ಕತ್ತರಿಸಿರೋ ಸಾಧ್ಯತೆ ಜಾಸ್ತಿ. ಗಾಳಿ ಪೂರ್ತಿ ಬಿಟ್ಟು, ಪೈಪ್ ಬಿಚ್ಚಿ, ಹೊಸ ಬ್ಲೇಡಿನಿಂದ ತುದಿಯನ್ನ ನೇರ ಕತ್ತರಿಸಿ, ಒಳಗೆ ಹೋಗಿ ನಿಲ್ಲೋವರೆಗೆ ಒತ್ತಿ. ಕಟಿಂಗ್ ಪ್ಲೇಯರಲ್ಲಿ ಕತ್ತರಿಸಿದ್ರೆ ಪೈಪಿನ ಬಾಯಿ ಚಪ್ಪಟೆಯಾಗುತ್ತೆ. ಪೈಪು ಸೈಲೆನ್ಸರ್ ಪಕ್ಕ ಹಾದಿದ್ರೆ ದೂರ ಸರಿಸಿ ಕಟ್ಟಿ. ಬ್ಯಾಗಿನ ಮಡಿಕೆಯಲ್ಲಿ ಸಿಕ್ಕ ಕಲ್ಲು, ಒಣಗಿದ ಕೆಸರು ರಬ್ಬರನ್ನ ಉಜ್ಜಿ ಉಜ್ಜಿ ತೂತು ಮಾಡುತ್ತೆ. ಖಾಲಿ ಗಾಡಿ ಅಂತ ಗಾಳಿ ಪೂರ್ತಿ ಬಿಟ್ಟು ಓಡಿಸಿದ್ರೂ ರಬ್ಬರ್ ಮಡಿಚಿ ಸಿಕ್ಕಿಹಾಕ್ಕೊಳ್ಳುತ್ತೆ. ನನ್ನ ಕಿಟ್ಟಿಗೆ ಕನಿಷ್ಠ 5 ಪಿಎಸ್‌ಐ ಇರಲೇಬೇಕು. ನಿಮ್ಮದಕ್ಕೆ ಎಷ್ಟು ಅಂತ ಕಿಟ್ ಜೊತೆ ಬಂದ ಪುಸ್ತಕದಲ್ಲಿರುತ್ತೆ. ಬರೀ ಗಾಳಿಯನ್ನ ನಂಬಿ ಗಾಡಿ ಕೆಳಗೆ ಮಲಗಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಕಲ್ಲು ಇಡಿ.

ಗುಳ್ಳೆ ಎಲ್ಲೂ ಬರಲಿಲ್ಲ, ಆದ್ರೂ ಟ್ರೇಲರ್ ಕಟ್ಟಿದ ಕೂಡಲೇ ಕುಸಿಯುತ್ತೆ ಅಂದ್ರೆ ತೂಕ ನೋಡಿ. 500 ಲೀಟರ್ ನೀರಿನ ಟ್ಯಾಂಕು, 200 ಕೆಜಿ ಟ್ರೇಲರ್, ಒಟ್ಟು 700 ಕೆಜಿ. ಕೊಂಡಿಯ ಮೇಲೆ ಇದರ ಶೇ. 10ರಿಂದ 15, ಅಂದ್ರೆ 70ರಿಂದ 105 ಕೆಜಿ ಬೀಳಬೇಕು. ಟ್ರೇಲರನ್ನ ಬಿಚ್ಚಿ, ಚಕ್ರಕ್ಕೆ ಅಡ್ಡ ಕೊಟ್ಟು, ಮೂತಿಯನ್ನ ಕೊಂಡಿಯ ಎತ್ತರಕ್ಕೇ ಮರದ ತುಂಡಿಟ್ಟು ತರಕಾರಿ ತೂಗೋ ಪ್ಲಾಟ್‌ಫಾರ್ಮ್ ತಕ್ಕಡಿ ಮೇಲೆ ನಿಲ್ಲಿಸಿದ್ರೆ ಗೊತ್ತಾಗುತ್ತೆ. ಜಾಸ್ತಿ ಬಂದ್ರೆ ಟ್ಯಾಂಕನ್ನ ಸ್ವಲ್ಪ ಹಿಂದಕ್ಕೆ ಸರಿಸಿ. ತೀರಾ ಹಿಂದಕ್ಕೆ ಬೇಡ, ತೂಕ ಶೇ. 10ಕ್ಕಿಂತ ಕೆಳಗಿಳಿದ್ರೆ ಟ್ರೇಲರ್ ಹಾವಿನ ಥರ ಆಡುತ್ತೆ. ಅದೂ ಸರಿಯಿದ್ರೆ ಲೀಫ್ ಸ್ಪ್ರಿಂಗಿನ ಪ್ಲೇಟ್ ಮುರಿದಿದ್ಯಾ, ಯು-ಬೋಲ್ಟ್ ಸಡಿಲಾಗಿದ್ಯಾ ಅಂತ ಮೆಕ್ಯಾನಿಕ್ ಹತ್ರ ತೋರಿಸಿ.

ಇನ್ನೊಂದು ಮಾತು. ಏರ್ ಬ್ಯಾಗ್ ಗಾಡಿಯನ್ನ ಎತ್ತುತ್ತೆ, ಆರ್‌ಸಿಯಲ್ಲಿ ಬರೆದಿರೋ ತೂಕದ ಮಿತಿಯನ್ನ ಎತ್ತೋದಿಲ್ಲ. ಆಕ್ಸಲ್, ಬ್ರೇಕ್, ಟೈರು ಹಳೇವೇ. ಟ್ರೇಲರ್ ಕೂಡ 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಮೋಟಾರು ವಾಹನವೇ. ರಸ್ತೆಗೆ ಇಳಿಸೋ ಮುಂಚೆ ಅದರ ನೋಂದಣಿ ಬಗ್ಗೆ ಆರ್‌ಟಿಒ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.